ಇಡೀ ಗೋಧಿ ಬೇಯಿಸುವ ಬಗೆ: ಗುಗ್ಗರಿಯಿಂದ ಹುಗ್ಗಿಯವರೆಗೆ

ಗೋಧಿ ಎಂದರೆ ಬಹಳ ಮನೆಗಳಲ್ಲಿ ಹಿಟ್ಟು, ಇಲ್ಲವೇ ರವೆ. ಕಾಳು ಕಾಳಾಗಿಯೇ ಒಲೆಗೇರುವುದು ಉತ್ತರ ಕರ್ನಾಟಕದ ಒಗ್ಗರಣೆಯ ಗುಗ್ಗರಿ, ಬೆಲ್ಲದ ಹುಗ್ಗಿಗಳಲ್ಲಿ. ಕಲಬುರಗಿ, ಬೀದರ್ ಕಡೆಯಾದರೆ ಗೋಧಿ, ಮಾಂಸ ಕೂಡಿಸಿ ಮಾಡುವ ರಂಜಾನ್ ತಿಂಗಳ ಹಲೀಮಿನಲ್ಲೂ. ಮೊದಲ ಸಲ ಮಾಡುವವರು ಅಕ್ಕಿಯ ಲೆಕ್ಕ ಹಿಡಿದು ಮೂರು ಸೀಟಿ ಕೂಗಿಸಿ ಕುಕ್ಕರ್ ತೆಗೆಯುತ್ತಾರೆ. ಕಾಳು ಹಲ್ಲಿಗೆ ರಬ್ಬರಿನಂತೆ ಸಿಗುತ್ತದೆ, ಒಳಗೆ ಹಸಿ ಹಿಟ್ಟಿನ ರುಚಿ. ಆಮೇಲೆ ಬೆಲ್ಲ ಸುರಿದು ಇನ್ನೊಂದು ಗಂಟೆ ಕುದಿಸಿದರೂ ಅದು ಮೆತ್ತಗಾಗುವುದಿಲ್ಲ. ತಪ್ಪು ಎಲ್ಲಿ ಆಯಿತೆಂದು ತಿಳಿಯಬೇಕಾದರೆ ಕಾಳಿನ ರಚನೆ ಸ್ವಲ್ಪ ಗೊತ್ತಿರಬೇಕು.

ಬಿಳಿ ಅಕ್ಕಿಯ ತೌಡು ಗಿರಣಿಯಲ್ಲೇ ಹೋಗಿರುತ್ತದೆ. ಇಡೀ ಗೋಧಿಯ ಹೊಟ್ಟು ಹಾಗೇ ಇರುತ್ತದೆ. ಕಾಳಿನ ತೂಕ ನೂರು ಪಾಲೆಂದರೆ ಹೆಚ್ಚುಕಡಿಮೆ 14 ಪಾಲು ಹೊಟ್ಟು, ಎರಡೂವರೆ ಪಾಲು ಮೊಳಕೆ ಒಡೆಯುವ ಕಣ್ಣು, ಉಳಿದದ್ದು ಒಳಗಿನ ಬಿಳಿ ತಿರುಳು. ತಿರುಳಿನ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನೀರು ಹೀರಿ ಉಬ್ಬತೊಡಗುತ್ತದೆ. ಹಾಗಾಗಿ ಶಾಖಕ್ಕೆ ಕೊರತೆಯಿಲ್ಲ. ನೀರು ಹೊಟ್ಟನ್ನು ದಾಟಿ ನಡುವಿನ ತನಕ ತಲುಪುವುದೇ ಕಷ್ಟ. ಇಡೀ ಗೋಧಿಯ ಅಡುಗೆಯೆಂದರೆ ನೀರಿಗೆ ಈ ದಾರಿ ಮಾಡಿಕೊಡುವುದು. ನೆನೆಸಿ ಸಮಯ ಕೊಡಬಹುದು, ಕುಟ್ಟಿ ಹೊಟ್ಟು ಸಡಿಲಿಸಬಹುದು, ಕುಕ್ಕರಿನ ಒತ್ತಡದಲ್ಲಿ ಬೇಯಿಸಬಹುದು. ಗುಗ್ಗರಿಗೆ ಮೊದಲನೆಯದೂ ಮೂರನೆಯದೂ ಸಾಕು, ಹುಗ್ಗಿಗೆ ಮೂರೂ ಬೇಕು.

ಯಾವ ಗೋಧಿ ತರಬೇಕು

ಹುಗ್ಗಿಗೆ ಜವೆ ಗೋಧಿಯೇ ಮೇಲು. ಕೆಲವು ಕಡೆ ಇದನ್ನು ಸದಕ ಎನ್ನುತ್ತಾರೆ, ಮರಾಠಿ ಮಾತಾಡುವ ಕಡೆ ಖಪ್ಲಿ. ಕಾಳು ಉದ್ದ, ಬಣ್ಣ ಕೆಂಪು, ಎರಡೂ ತುದಿ ಚೂಪು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ ಜಿಲ್ಲೆಗಳ ಹಳೆಯ ಬೆಳೆ ಇದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲೇ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟಿದೆ. ಸಾಧಾರಣ ಗೋಧಿಯ ಸಿಪ್ಪೆ ರಾಶಿ ಒಕ್ಕುವಾಗಲೇ ಉದುರಿಬಿಡುತ್ತದೆ. ಜವೆಯದು ಉದುರುವುದಿಲ್ಲ, ಮತ್ತೆ ಬೇರೆಯಾಗಿ ಸುಲಿಸಬೇಕು. ಬೆಲೆ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ. ತೊಳೆಯುವಾಗ ನೀರಿನ ಮೇಲೆ ತೇಲುವ ಚೂರುಗಳು ಆ ಸಿಪ್ಪೆಯವೇ, ಸೋಸಿ ಚೆಲ್ಲಿ.

ಅಂಗಡಿಯಲ್ಲಿ ಒಂದು ಎಚ್ಚರ. ದಕ್ಷಿಣದ ಕೆಲವು ಕಡೆ ಜವೆಗೋಧಿ ಎಂದು ಕೇಳಿದರೆ ಬಾರ್ಲಿ ಕಟ್ಟಿಕೊಡುತ್ತಾರೆ. ಅದು ಅವರ ತಪ್ಪೇನಲ್ಲ, ಸಂಸ್ಕೃತದ ಯವದಿಂದ ಬಂದ ಜವೆಗೆ ಬಾರ್ಲಿ ಎಂಬ ಅರ್ಥವೂ ಇದೆ. ಬಾರ್ಲಿ ಬಿಳುಪಾಗಿ, ದುಂಡಗೆ, ನಡುವೆ ಅಗಲವಾದ ಗೀರಿನೊಡನೆ ಇರುತ್ತದೆ. ಗೋಧಿ ಕೈಯಲ್ಲಿ ಹಿಡಿದರೆ ತಿಳಿದುಹೋಗುತ್ತದೆ.

ಜವೆ ಸಿಗದಿದ್ದರೆ ಚಪಾತಿಗೆ ತರುವ ಲೋಕವನ್ ಗೋಧಿಯಿಂದಲೂ ಎರಡೂ ಅಡುಗೆ ಮಾಡಬಹುದು. ಬನ್ಸಿ ರವೆಗೆ ಬಳಸುವ ಗಟ್ಟಿ ಗೋಧಿಯಾದರೆ ಬೇಯಲು ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಕಾಳು ಬಿರಿದು ಕಲಸಿಹೋಗುವುದಿಲ್ಲ. ಗುಗ್ಗರಿಗೆ ಅದು ಗುಣವೇ. ಬಿತ್ತನೆಗೆಂದು ಮಾರುವ ಗೋಧಿಯನ್ನು ಮಾತ್ರ ಎಂದೂ ಅಡುಗೆಗೆ ತರಬೇಡಿ. ಬೀಜೋಪಚಾರದ ವಿಷ ಅದಕ್ಕೆ ಹತ್ತಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಕೊಳ್ಳುವಾಗ ಒಂದು ಕಾಳು ಕಡಿದು ನೋಡಿ. ಚೆನ್ನಾಗಿ ಒಣಗಿದ್ದು ಕಟಕ್ಕೆಂದು ಮುರಿಯುತ್ತದೆ. ಹಲ್ಲು ಒಳಗೆ ಇಳಿದರೆ ತೇವವಿದೆ ಎಂದರ್ಥ, ಅದಕ್ಕೆ ಹುಳ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಸಣ್ಣ ತೂತು ಬಿದ್ದ ಕಾಳು ಕಂಡರೆ ಒಳಗೆ ನುಸಿ ಬೆಳೆದಿದೆ. ತಂದದ್ದನ್ನು ಒಂದು ದಿನ ಬಿಸಿಲಿಗೆ ಹರಡಿ, ಪೂರ್ತಿ ಆರಿದ ಮೇಲೆ ಒಣ ಬೇವಿನ ಎಲೆ ಹಾಕಿ ಡಬ್ಬಿಯಲ್ಲಿ ಮುಚ್ಚಿಡಿ. ಬಿಸಿ ಇರುವಾಗಲೇ ಮುಚ್ಚಿದರೆ ಡಬ್ಬಿಯ ಒಳಗೆ ಬೆವರುತ್ತದೆ. ಬಿಸಿಲು ಸಿಗದ ಊರಿನವರು ಚೀಲಸಮೇತ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೂ ಹುಳ, ಮೊಟ್ಟೆ ಸಾಯುತ್ತವೆ. ಹೊರತೆಗೆದ ಚೀಲವನ್ನು ತಣುಪು ಬಿಡುವ ತನಕ ಬಿಚ್ಚಬೇಡಿ.

ನೆನೆಸುವುದು

250 ಗ್ರಾಂ ಗೋಧಿಯನ್ನು ಆರಿಸಿ, ಮೂರು ನಾಲ್ಕು ನೀರಿನಲ್ಲಿ ಉಜ್ಜಿ ತೊಳೆಯಿರಿ. ಕೊನೆಯ ನೀರಿನಲ್ಲಿ ಗಾಲಿಸಿ, ಹರಳಿದ್ದರೆ ತಳದಲ್ಲಿ ಉಳಿಯುತ್ತದೆ. ಕಾಳಿನ ಮೇಲೆ ಮೂರು ಬೆರಳು ನಿಲ್ಲುವಷ್ಟು ನೀರು ಹಾಕಿ ನೆನೆಯಲು ಬಿಡಿ. ಚಳಿಗಾಲದಲ್ಲಿ 10 ರಿಂದ 12 ಗಂಟೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅಷ್ಟು ಹೊತ್ತು ಹೊರಗಿಟ್ಟರೆ ನೊರೆ ಎದ್ದು ಹುಳಿ ವಾಸನೆ ಬರುತ್ತದೆ. 5-6 ಗಂಟೆ ಸಾಕು, ರಾತ್ರಿಯಿಡೀ ಬಿಡಬೇಕಾದರೆ ಫ್ರಿಜ್ಜಿನಲ್ಲಿಡಿ. ಅವಸರವಿದ್ದರೆ ಕುದಿಯುವ ನೀರು ಹೊಯ್ದು ಮುಚ್ಚಿ ಎರಡು ಗಂಟೆ ಬಿಡಿ. ರಾತ್ರಿ ನೆನೆಸಿದಷ್ಟು ಸಮನಾಗಿ ನೆನೆಯದು, ಆದರೂ ನೆನೆಸದೆ ಬೇಯಿಸುವುದಕ್ಕಿಂತ ಎಷ್ಟೋ ಮೇಲು.

ನೆನೆದದ್ದನ್ನು ತಿಳಿಯಲು ಒಂದು ಕಾಳನ್ನು ಉಗುರಿನಿಂದ ಅಡ್ಡ ಸೀಳಿ. ನಡುವೆ ಗಾಜಿನಂಥ ಗಟ್ಟಿ ಚುಕ್ಕೆ ಉಳಿದಿದ್ದರೆ ಇನ್ನೂ ಸಮಯ ಬೇಕು.

ಬೇಯಿಸುವುದು

ಕುಕ್ಕರಿನ ಸೀಟಿ ಎಣಿಸುವ ರೂಢಿಯನ್ನು ಈ ಅಡುಗೆಗೆ ಬಿಡುವುದೊಳ್ಳೆಯದು. ಉರಿ ದೊಡ್ಡದಿದ್ದರೆ ಹತ್ತು ನಿಮಿಷದಲ್ಲಿ ಎಂಟು ಸೀಟಿ ಬರುತ್ತದೆ, ಸಣ್ಣದಿದ್ದರೆ ಎರಡೇ. ಕಾಳು ಬೇಯುವುದು ಒತ್ತಡದಲ್ಲಿ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ. ಒತ್ತಡ ತುಂಬಿದ ಕುಕ್ಕರಿನೊಳಗೆ ಶಾಖ ಹೆಚ್ಚುಕಡಿಮೆ 120 ಡಿಗ್ರಿ ಇರುತ್ತದೆ, ಸೀಟಿ ಕೂಗಿದರೂ ಕೂಗದಿದ್ದರೂ. ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬರಲಿ, ಆಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಿ:

ನೆನೆಸಿದ ಇಡೀ ಜವೆ ಅಥವಾ ಲೋಕವನ್ ಗೋಧಿ: 25 ನಿಮಿಷ
ನೆನೆಸಿದ ಗಟ್ಟಿ ಗೋಧಿ: 35 ನಿಮಿಷ
ನೆನೆಸದ ಇಡೀ ಗೋಧಿ: 40 ರಿಂದ 45 ನಿಮಿಷ
ಕುಟ್ಟಿ, ಒಂದು ಗಂಟೆ ನೆನೆಸಿದ ಹುಗ್ಗಿ ಗೋಧಿ: 20 ನಿಮಿಷ

ಒಂದು ವರ್ಷಕ್ಕೂ ಹಳೆಯ ಗೋಧಿಯಾದರೆ ಎಲ್ಲಕ್ಕೂ ಐದು ನಿಮಿಷ ಸೇರಿಸಿ. ಕರೆಂಟಿನ ಕುಕ್ಕರ್ ಬಳಸುವವರು, ವಿಶೇಷವಾಗಿ ಹೊರದೇಶಗಳಲ್ಲಿರುವವರು, ಅದರ ಒತ್ತಡ ಒಲೆಯ ಕುಕ್ಕರಿಗಿಂತ ತುಸು ಕಡಿಮೆ ಎಂಬುದನ್ನು ನೆನಪಿಡಿ. ಅಲ್ಲಿಯೂ ಐದು ನಿಮಿಷ ಹೆಚ್ಚು. ಉರಿ ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲಿ. ಆ ಹದಿನೈದು ನಿಮಿಷವೂ ಬೇಯುವ ಸಮಯವೇ. ಸೀಟಿ ಎತ್ತಿ ಹಬೆ ಬಿಟ್ಟರೆ ಪಿಷ್ಟದ ಗಂಜಿ ತೂತಿನಿಂದ ಚಿಮ್ಮುತ್ತದೆ.

ನೀರಿನ ಪ್ರಮಾಣ ಅಡುಗೆಯ ಮೇಲೆ. ಗುಗ್ಗರಿಗಾದರೆ 250 ಗ್ರಾಂ ಗೋಧಿಗೆ 750 ಮಿಲಿಲೀಟರ್, ಹುಗ್ಗಿಗೆ ಒಂದು ಲೀಟರ್. ಮೂರು ಲೀಟರಿನ ಕುಕ್ಕರಿನಲ್ಲಿ ಇದಕ್ಕಿಂತ ಹೆಚ್ಚು ಮಾಡಬೇಡಿ. ಗೋಧಿ ನೊರೆ ಏಳುವ ಧಾನ್ಯ, ನೊರೆಯೊಡನೆ ಹೊಟ್ಟಿನ ಚೂರು ಮೇಲೇರಿ ಹಬೆಯ ತೂತನ್ನು ಮುಚ್ಚಿದರೆ ಅಪಾಯ. ಕುಕ್ಕರ್ ಅರ್ಧಕ್ಕಿಂತ ತುಂಬಬಾರದು. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ. ಮುಚ್ಚಳ ಹಾಕುವ ಮೊದಲು ತೂತಿನಲ್ಲಿ ಬೆಳಕು ಕಾಣುತ್ತದೆಯೇ ಎಂದು ನೋಡಿ.

ಕುಕ್ಕರ್ ಇಲ್ಲದೆ ಪಾತ್ರೆಯಲ್ಲಿ ಬೇಯಿಸುವವರು ನೆನೆಸಿದ ಗೋಧಿಗೆ ಒಂದು ಗಂಟೆ, ನೆನೆಸದಿದ್ದರೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಒಂದೂವರೆ ಲೀಟರ್ ನೀರಿನಿಂದ ಶುರು ಮಾಡಿ, ಇಂಗಿದಾಗ ಹಾಕುವ ನೀರು ಬಿಸಿಯೇ ಇರಲಿ.

ಬೆಂದ ಕಾಳಿನ ಹೊಟ್ಟೆ ಬಿರಿದಿರುತ್ತದೆ. ಬೆರಳುಗಳ ನಡುವೆ ಒತ್ತಿದರೆ ಚಪ್ಪಟೆಯಾಗಬೇಕು. ಬಾಯಿಗೆ ಹಾಕಿದಾಗ ಹೊಟ್ಟು ಸ್ವಲ್ಪ ಹಲ್ಲಿಗೆ ಸಿಗುತ್ತದೆ, ಅದು ಇರುವುದೇ ಹಾಗೆ. ಆದರೆ ಅಡ್ಡ ಕತ್ತರಿಸಿದರೆ ನಡುವೆ ಬಿಳಿ ಚುಕ್ಕೆ ಕಾಣಬಾರದು. ಕಂಡರೆ ಒಂದು ಲೋಟ ಬಿಸಿ ನೀರು ಹಾಕಿ ಮತ್ತೆ ಹತ್ತು ನಿಮಿಷ ಒತ್ತಡದಲ್ಲಿಡಿ. 250 ಗ್ರಾಂ ಒಣ ಗೋಧಿ ಬೆಂದಾಗ ಸುಮಾರು 600 ಗ್ರಾಂ ಆಗುತ್ತದೆ.

ಉಪ್ಪನ್ನು ಮೊದಲೇ ಹಾಕಿದರೂ ಅಂಥ ತೊಂದರೆಯಿಲ್ಲ. ಬೆಲ್ಲ, ಹುಣಸೆಹಣ್ಣು, ಟೊಮೆಟೊ, ನಿಂಬೆ ಮಾತ್ರ ಕಾಳು ಪೂರ್ತಿ ಬೆಂದ ಮೇಲೆಯೇ. ಸಿಹಿ ನೀರನ್ನು ತನ್ನ ಕಡೆ ಎಳೆದಿಟ್ಟುಕೊಳ್ಳುತ್ತದೆ, ಪಿಷ್ಟ ಉಬ್ಬಲು ಬೇಕಾದ ಶಾಖವನ್ನೂ ಏರಿಸುತ್ತದೆ. ಹುಳಿ ಹೊಟ್ಟಿನ ನಾರನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ.

ಗೋಧಿ ಗುಗ್ಗರಿ

ಗುಗ್ಗರಿಯಲ್ಲಿ ಕಾಳು ಬಿಡಿಬಿಡಿಯಾಗಿರಬೇಕು. ಬೆಂದ ಗೋಧಿಯನ್ನು ಜಾಲರಿಗೆ ಬಸಿದು, ಅಗಲ ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಹಬೆ ಆರಲು ಬಿಡಿ. ಈ ಒಂದು ಕೆಲಸ ಬಿಟ್ಟರೆ ಒಗ್ಗರಣೆಯಲ್ಲಿ ಕಾಳು ಮುದ್ದೆ ಕಟ್ಟುತ್ತದೆ. ಬಸಿದ ಕಟ್ಟನ್ನು ಚೆಲ್ಲಬೇಡಿ, ಬೇಳೆಗೆ ಬೆರೆಸಿ ಸಾರು ಮಾಡಿದರೆ ಸಾರಿಗೆ ಮಂದ ಬರುತ್ತದೆ.

ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಶೇಂಗಾ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ ಸಿಡಿಸಿ. ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು, ಹಸಿಮೆಣಸಿನಕಾಯಿ ನಾಲ್ಕು, ಕರಿಬೇವು, ಹೆಚ್ಚಿದ ಒಂದು ಉಳ್ಳಾಗಡ್ಡಿ ಹಾಕಿ ಬಾಡಿಸಿ. ಅರಿಶಿನ ಕಾಲು ಚಮಚ, ಉಪ್ಪು, ಆಮೇಲೆ ಗೋಧಿ. ದೊಡ್ಡ ಉರಿಯಲ್ಲಿ ಮೂರು ನಿಮಿಷ ತಿರುವಿದರೆ ಕಾಳಿನ ಮೇಲೆ ಎಣ್ಣೆ ಹಿಡಿಯುತ್ತದೆ. ಇಳಿಸಿದ ಮೇಲೆ ನಿಂಬೆರಸ, ಕೊತ್ತಂಬರಿ, ತುರಿದ ಕೊಬ್ಬರಿ. ಬೇಯಿಸಿದ ಹೆಸರುಕಾಳನ್ನೋ ಅಲಸಂದೆಯನ್ನೋ ಕೂಡಿಸುವವರಿದ್ದಾರೆ. ಆದರೆ ಒಂದೇ ಕುಕ್ಕರಿನಲ್ಲಿ ಕೂಡಿಸಿ ಬೇಯಿಸಬೇಡಿ, ಗೋಧಿ ಬೇಯುವಷ್ಟರಲ್ಲಿ ಹೆಸರು ಕರಗಿಹೋಗಿರುತ್ತದೆ.

ಹೀಗೆ ಬೇಯಿಸಿಟ್ಟ ಕಾಳು ಅನ್ನದ ಜಾಗದಲ್ಲಿ ಎಲ್ಲಿಗೂ ನಡೆಯುತ್ತದೆ. ಚಿತ್ರಾನ್ನದ ಒಗ್ಗರಣೆ ಸೊಗಸಾಗಿ ಹೊಂದುತ್ತದೆ, ಮೊಸರಿನಲ್ಲಿ ಕಲಸಿದರೂ ಸರಿ. ಬಿಸಿಬೇಳೆಬಾತಿಗೆ ಮಾತ್ರ ಹೊಂದದು; ಅದಕ್ಕೆ ಕಾಳು ಕರಗಬೇಕು, ಇದು ಕರಗುವ ಜಾತಿಯಲ್ಲ.

ಹುಗ್ಗಿ

ಮೈಸೂರು ಕಡೆ ಹುಗ್ಗಿ ಎಂದರೆ ಅಕ್ಕಿ, ಹೆಸರುಬೇಳೆಯ ಪೊಂಗಲು. ಇಲ್ಲಿ ಹೇಳುತ್ತಿರುವುದು ಧಾರವಾಡ, ಬಾಗಲಕೋಟೆಗಳ ಮದುವೆ ಪಂಕ್ತಿಯಲ್ಲಿ ತುಪ್ಪ, ಹಾಲಿನೊಡನೆ ಬಡಿಸುವ ಗೋಧಿ ಹುಗ್ಗಿ. ಇದರ ಜೀವ ಕುಟ್ಟುವುದರಲ್ಲಿದೆ.

250 ಗ್ರಾಂ ಒಣ ಗೋಧಿಗೆ ಎರಡು ದೊಡ್ಡ ಚಮಚ ನೀರು ಚಿಮುಕಿಸಿ, ಎಲ್ಲ ಕಾಳಿಗೂ ತಾಗುವಂತೆ ಉಜ್ಜಿ, ಮುಚ್ಚಿ 20 ನಿಮಿಷ ಬಿಡಿ. ಮೇಲಿನ ಹೊಟ್ಟು ಈ ತೇವಕ್ಕೆ ಚರ್ಮದಂತೆ ಮೆತುವಾಗಿ ತಿರುಳಿನಿಂದ ಬಿಡಲು ತಯಾರಾಗುತ್ತದೆ, ಒಳಗಿನ ತಿರುಳು ಗಟ್ಟಿಯಾಗಿಯೇ ಇರುತ್ತದೆ. ಹಿಟ್ಟಿನ ದೊಡ್ಡ ಗಿರಣಿಗಳೂ ಬೀಸುವ ಮೊದಲು ಗೋಧಿಗೆ ನೀರು ಕೊಡುವುದು ಇದೇ ಕಾರಣಕ್ಕೆ. ಒಣಗಿದ್ದನ್ನೇ ಕುಟ್ಟಿದರೆ ಹೊಟ್ಟೂ ತಿರುಳೂ ಒಟ್ಟಿಗೆ ಒಡೆದು ರವೆಯಾಗುತ್ತದೆ. ನೀರು ಹೆಚ್ಚಾದರೆ ಒನಕೆಗೆ ಅಂಟಿ ಅಪ್ಪಚ್ಚಿಯಾಗುತ್ತದೆ.

ಒರಳು, ಒನಕೆ ಇದ್ದರೆ ಭಾರ ಹಾಕದೆ, ಒನಕೆ ತನ್ನ ತೂಕಕ್ಕೆ ತಾನೇ ಬೀಳುವಂತೆ ಕುಟ್ಟಿ. ಕಾಳು ಕಾಳಿಗೆ ಉಜ್ಜಿ ಹೊಟ್ಟು ಬಿಡಬೇಕು, ಜಜ್ಜಿಹೋಗಬಾರದು. ಮಿಕ್ಸಿಯಾದರೆ ಒಂದು ಸಲಕ್ಕೆ 100 ಗ್ರಾಂ ಮಾತ್ರ. ಗುಂಡಿಯನ್ನು ಒಂದೊಂದೇ ಸೆಕೆಂಡಿನಂತೆ ಎಂಟು ಹತ್ತು ಸಲ ಒತ್ತಿ ಬಿಡಿ, ನಡುನಡುವೆ ಜಾರನ್ನು ಅಲುಗಿಸಿ. ಬಿಡದೆ ತಿರುಗಿಸಿದರೆ ತಳದಲ್ಲಿ ಹಿಟ್ಟು, ಮೇಲೆ ಇಡೀ ಕಾಳು. ಅರ್ಧ ಗಂಟೆ ನೆರಳಿನಲ್ಲಿ ಹರಡಿ, ಮೊರದಲ್ಲಿ ಕೇರಿ. ಹೊಟ್ಟಿನ ಮುಕ್ಕಾಲು ಪಾಲು ಹಾರಿದರೆ ಸಾಕು. ಅಲ್ಲಲ್ಲಿ ಕೆಂಪು ಉಳಿದರೆ ರುಚಿ ಹೆಚ್ಚು. ಕುಟ್ಟಲಾಗದವರಿಗೆ ಹುಬ್ಬಳ್ಳಿ, ಬೆಳಗಾವಿಯ ಕಿರಾಣಿ ಅಂಗಡಿಗಳಲ್ಲಿ ಕುಟ್ಟಿದ ಹುಗ್ಗಿ ಗೋಧಿಯೇ ಸಿಗುತ್ತದೆ. ನಾರಿಗಾಗಿ ಇಡೀ ಧಾನ್ಯ ತಿನ್ನುವವರು ಒಂದು ಮಾತು ತಿಳಿದಿರಲಿ: ಹೊಟ್ಟಿನ ಜೊತೆಗೆ ನಾರೂ ಹೋಗುತ್ತದೆ. ಆ ಲೆಕ್ಕಕ್ಕೆ ಗುಗ್ಗರಿಯೇ ಮೇಲು, ಹುಗ್ಗಿ ಹಬ್ಬದ ಊಟ.

ಕುಟ್ಟಿದ ಗೋಧಿಯ ಜೊತೆಗೆ ಒಂದು ಹಿಡಿ ಕಡಲೆಬೇಳೆ ಹಾಕಿ ಒಂದು ಗಂಟೆ ನೆನೆಸಿ, ಒಂದು ಲೀಟರ್ ನೀರು, ಒಂದು ಚಮಚ ತುಪ್ಪದೊಡನೆ 20 ನಿಮಿಷ ಒತ್ತಡದಲ್ಲಿ ಬೇಯಿಸಿ. ಆರಿದ ಮೇಲೆ ತೆಗೆದು ಕಡಗೋಲಿನಿಂದ ಹತ್ತು ಹನ್ನೆರಡು ಸಲ ಕಡೆಯಿರಿ. ಮೂರರಲ್ಲೊಂದು ಪಾಲು ಕಾಳು ಒಡೆದು ಗಂಜಿಯಾಗಬೇಕು, ಉಳಿದದ್ದು ಕಾಳಾಗಿ ಬಾಯಿಗೆ ಸಿಗಬೇಕು. ಕಡೆಯದೆ ಬಿಟ್ಟರೆ ಬೆಲ್ಲದ ನೀರು ಬೇರೆ, ಕಾಳು ಬೇರೆ ನಿಲ್ಲುತ್ತದೆ.

ಬೆಲ್ಲ 275 ಗ್ರಾಂ. ಮಹಾಲಿಂಗಪುರದ ಬೆಲ್ಲಕ್ಕೆ ಹೆಸರಿದೆ. ಎಲ್ಲಿಯದಾದರೂ ಕಂದು ಬಣ್ಣದ್ದು ನೋಡಿ ತನ್ನಿ. ಮಿರಮಿರ ಹಳದಿ ಹೊಳೆಯುವ ಬೆಲ್ಲಕ್ಕೆ ಸಾಮಾನ್ಯವಾಗಿ ಬಿಳಿಚಿಸುವ ರಾಸಾಯನಿಕ ಬಿದ್ದಿರುತ್ತದೆ, ರುಚಿಯೂ ಸಪ್ಪೆ. ಅರ್ಧ ಲೋಟ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿ. ಸೋಸದಿದ್ದರೆ ಊಟದಲ್ಲಿ ಮರಳು ಸಿಕ್ಕೀತು. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 12 ರಿಂದ 15 ನಿಮಿಷ ಕುದಿಸಿ, ಕೈಬಿಡದೆ ತಿರುವಿ. ಬೆಲ್ಲ ಬಿದ್ದ ಕೂಡಲೇ ಹುಗ್ಗಿ ನೀರಾಗುತ್ತದೆ, ಗಾಬರಿ ಬೇಡ, ಕುದಿದಂತೆ ಮತ್ತೆ ಕೂಡಿಕೊಳ್ಳುತ್ತದೆ.

ತುರಿದ ಒಣಕೊಬ್ಬರಿ 50 ಗ್ರಾಂ, ಹುರಿದು ಪುಡಿ ಮಾಡಿದ ಗಸಗಸೆ ಎರಡು ಚಮಚ, ಏಲಕ್ಕಿ ಆರು, ಒಣಶುಂಠಿ ಪುಡಿ ಅರ್ಧ ಚಮಚ, ಜಾಜಿಕಾಯಿ ಒಂದು ಚಿಟಿಕೆ, ಉಪ್ಪು ಒಂದು ಚಿಟಿಕೆ. ಇವು ಕೊನೆಯ ಮೂರು ನಿಮಿಷದಲ್ಲಿ ಬೀಳಲಿ, ಮೊದಲೇ ಹಾಕಿದರೆ ಏಲಕ್ಕಿಯ ಘಮ ಹಬೆಯಲ್ಲಿ ಹೋಗುತ್ತದೆ. ಗೋಡಂಬಿ, ಒಣದ್ರಾಕ್ಷಿಯನ್ನು ನಾಲ್ಕು ಚಮಚ ತುಪ್ಪದಲ್ಲಿ ಹುರಿದು ಸುರಿಯಿರಿ. ಒಣಶುಂಠಿ ಬಿಡಬೇಡಿ. ಇಷ್ಟು ಗಟ್ಟಿ ಸಿಹಿಯನ್ನು ಅರಗಿಸಲು ಅದು ಬೇಕು ಎನ್ನುತ್ತಾರೆ; ಅದೇನೇ ಇರಲಿ, ಬೆಲ್ಲದ ಸಿಹಿಗೆ ಅದರ ಖಾರವೇ ಸರಿಜೋಡಿ.

ಸೌಟಿನಿಂದ ಸುಲಭವಾಗಿ ಸುರಿಯುವ ಹದದಲ್ಲಿರುವಾಗಲೇ ಇಳಿಸಿ. ಒಲೆಯ ಮೇಲೆ ಸರಿಯಾಗಿ ಕಂಡದ್ದು ಅರ್ಧ ಗಂಟೆಯಲ್ಲಿ ಕಲ್ಲಿನಂತಾಗುತ್ತದೆ, ಯಾಕೆಂದರೆ ಪಿಷ್ಟ ಆರುತ್ತ ಬಿಗಿಯುತ್ತದೆ. ಹಾಲನ್ನು ಪಾತ್ರೆಗೆ ಸುರಿಯದೆ ಬಡಿಸುವಾಗ ಎಲೆಗೇ ಹಾಕಿ. ಬೆಲ್ಲಕ್ಕೆ ತುಸು ಹುಳಿಯ ಗುಣವಿದೆ, ಕುದಿಯುವ ಹುಗ್ಗಿಗೆ ಹಾಲು ಬಿದ್ದರೆ ಒಡೆಯುತ್ತದೆ. ಹಾಲಿನಲ್ಲೇ ಬೇಕೆನ್ನುವವರು ಹುಗ್ಗಿ ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಬೆರೆಸಬಹುದು, ಮತ್ತೆ ಕುದಿಸಬಾರದು.

ಕೆಟ್ಟದ್ದನ್ನು ಸರಿಪಡಿಸುವುದು

ಬೆಲ್ಲ ಹಾಕಿದ ಮೇಲೆ ಕಾಳು ಗಟ್ಟಿ ಎಂದು ಗೊತ್ತಾದರೆ ಸುಮ್ಮನೆ ಕುದಿಸಿ ಪ್ರಯೋಜನವಿಲ್ಲ. ಎರಡು ಲೋಟ ಬಿಸಿ ನೀರು ಕೂಡಿಸಿ ತೆಳುವಾಗಿಸಿ, ಸಣ್ಣ ಪಾತ್ರೆಗೆ ಹಾಕಿ, ತಳದಲ್ಲಿ ನೀರಿಟ್ಟ ಕುಕ್ಕರಿನೊಳಗೆ ಇಳಿಸಿ 20 ನಿಮಿಷ ಒತ್ತಡ ಕೊಡಿ. ನೇರವಾಗಿ ಕುಕ್ಕರಿಗೆ ಸುರಿದರೆ ಬೆಲ್ಲ ತಳ ಹಿಡಿಯುತ್ತದೆ. ಪೂರ್ತಿ ಮೆತ್ತಗಾಗದಿದ್ದರೂ ಉಣ್ಣುವಂತಾಗುತ್ತದೆ. ತಳ ಸೀದಿದ್ದರೆ ಕೆರೆಯಬೇಡಿ. ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಸೀದ ವಾಸನೆ ಏಲಕ್ಕಿಯಿಂದ ಮುಚ್ಚುವುದಿಲ್ಲ.

ಕೆಲವು ಕಾಳು ಬೆಂದು ಕೆಲವು ಹಾಗೇ ಉಳಿದರೆ ಎರಡು ವರ್ಷದ ಅಥವಾ ಎರಡು ಜಾತಿಯ ಗೋಧಿ ಬೆರೆತಿರಬಹುದು. ಅಂಥ ಚೀಲವನ್ನು ಹಿಟ್ಟು ಮಾಡಿಸಿಬಿಡುವುದೇ ಸರಿ. ಬೆಂದ ಗೋಧಿ ಕಹಿಯಾದರೆ ಕಾಳಿನ ಮೊಳಕೆಗಣ್ಣಿನಲ್ಲಿರುವ ಎಣ್ಣೆ ಹಳಸಿದೆ. ಕುಟ್ಟಿದ ಗೋಧಿ ಹೆಚ್ಚು ದಿನ ಇಟ್ಟಾಗ ಹೀಗಾಗುತ್ತದೆ. ಕುಟ್ಟಿದ್ದನ್ನು ಒಂದೆರಡು ತಿಂಗಳಲ್ಲಿ ಮುಗಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ.

ಜವೆ ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನು ಇಲ್ಲ ಎಂದು ಹೇಳಿ ಮಾರುವವರ ಮಾತು ನಂಬಬೇಡಿ. ಅದೂ ಗೋಧಿಯೇ, ಗ್ಲುಟೆನ್ ಇದೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಿಗೆ ಅದು ಬೇಡವೇ ಬೇಡ. ಮಧುಮೇಹದವರು ಜವೆ ಎಂಬ ಧೈರ್ಯದ ಮೇಲೆ ಬೆಲ್ಲದ ಹುಗ್ಗಿ ಎರಡು ಸಲ ಬಡಿಸಿಕೊಂಡರೆ ಸಕ್ಕರೆ ಏರಿಯೇ ಏರುತ್ತದೆ.

ಬೇಯಿಸಿದ ಕಾಳು ಉಳಿದರೆ ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ. ಅನ್ನದಲ್ಲಿ ಬೆಳೆಯುವ, ಮತ್ತೆ ಕಾಯಿಸಿದರೂ ಹೋಗದ ವಿಷ ಬಿಡುವ ಬ್ಯಾಕ್ಟೀರಿಯಾ ಇದರಲ್ಲೂ ಬೆಳೆಯುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ. ಫ್ರೀಜರಿನಲ್ಲಾದರೆ ಬಸಿದು, ಹಬೆ ಆರಿಸಿ, ಒಂದು ಹೊತ್ತಿಗೆ ಬೇಕಾದಷ್ಟನ್ನು ಚೀಲದಲ್ಲಿ ತೆಳ್ಳಗೆ ಹರಡಿಟ್ಟರೆ ಎರಡು ತಿಂಗಳು ಬರುತ್ತದೆ. ಅನ್ನದಂತೆ ಇದು ಪುಡಿಪುಡಿಯಾಗುವುದಿಲ್ಲ, ಐದು ನಿಮಿಷ ಹಬೆಯಲ್ಲಿಟ್ಟರೆ ಆಗತಾನೇ ಬೆಂದಂತಾಗುತ್ತದೆ. ಉಳಿದ ಹುಗ್ಗಿಯನ್ನು ಮರುದಿನ ಬಿಸಿ ಮಾಡುವಾಗ ಮೊದಲು ಅರ್ಧ ಲೋಟ ಬಿಸಿ ನೀರು ಹಾಕಿ ಸಡಿಲಿಸಿ, ಆಮೇಲೆ ಉರಿ ಹಚ್ಚಿ.